ಮೂವತ್ತು ಅಂಗಿ, ಬಲಗಡೆ ಜೇಬು

ನಮ್ಮ ಚಿಕ್ಕಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಗಂಡಸರಿಗೆ, "ಉಸಿರು ಬಿಡಿ ಸ್ವಾಮಿ, ಅಂಗಿ ಹಾಕ್ಕೊಳ್ಳೋದು ಆ ಹೊಟ್ಟೆಗೇ ತಾನೆ" ಎಂದು ಮುಖಕ್ಕೇ ಹೇಳುತ್ತಿದ್ದಳು. ಗಿರಾಕಿಗಳು ಬೈಸಿಕೊಂಡು ಹೋಗಿ ಮತ್ತೆ ಬರುತ್ತಿದ್ದರು, ಯಾಕೆಂದರೆ ಅವಳು ಹೊಲಿದದ್ದು ಮೈಗೆ ಸರಿಯಾಗಿ ಕೂರುತ್ತಿತ್ತು. ಮಂಡಿನೋವು ಬಂದು ಮೆಷಿನ್ ತುಳಿಯಲಾಗದೆ ಅಂಗಡಿ ಮುಚ್ಚಿದ ಮೇಲೆ ಒಂದು ತರಬೇತಿ ಸಂಸ್ಥೆಯವರು ಆನ್‌ಲೈನ್‌ನಲ್ಲಿ ಹೊಲಿಗೆ ಕಲಿಸಲು ಕರೆದರು. ಮೂರು ತಿಂಗಳು ನೋಡುತ್ತಾರೆ, ಆಮೇಲೆ ಇಬ್ಬರು ಟೀಚರುಗಳಲ್ಲಿ ಒಬ್ಬರ ಕೆಲಸ ಮಾತ್ರ ಖಾಯಂ. ಚಿಕ್ಕಮ್ಮನಿಗೆ ಸುಮ್ಮನೆ ಕೂರುವುದೆಂದರೆ ಸಾವು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು.

ಆದರೆ ಆಯ್ಕೆ ಹೊಲಿಗೆ ನೋಡಿ ಅಲ್ಲವಂತೆ, 'ಆತ್ಮೀಯತೆ ಅಂಕ' ನೋಡಿಯಂತೆ. ಇದನ್ನು ಕಂಡುಹಿಡಿದವನು ಸಂಸ್ಥೆಯ ಸಂವಹನ ಸಲಹೆಗಾರ. ಜನ್ಮದಲ್ಲಿ ಸೂಜಿಗೆ ದಾರ ಪೋಣಿಸಿದವನಲ್ಲ. ಮುಖದ ಮೇಲಿನ ನಗು ಮಾತ್ರ ಇಸ್ತ್ರಿ ಮಾಡಿಟ್ಟ ಹಾಗೆ, ಕದಲುತ್ತಿರಲಿಲ್ಲ. ನಾನು ಅವನಿಗೆ ನಗುಮುಖ ಎಂದೇ ಹೆಸರಿಟ್ಟೆ. ವಿದ್ಯಾರ್ಥಿಗಳನ್ನು ಮಾತಾಡಿಸುವುದು ಹೇಗೆ ಎಂದು ಅವನು ಟೀಚರುಗಳಿಗೆ ಎರಡು ಗಂಟೆ ಪಾಠ ಮಾಡಿದ. ಆ ಎರಡು ಗಂಟೆಯೂ ಎಲ್ಲರ ಮೈಕು ಬಂದ್ ಮಾಡಿಟ್ಟಿದ್ದ.

ಅವನ ಕಟ್ಟಳೆಗಳು ಹೀಗಿದ್ದವು: ಕ್ಲಾಸಿನ ಮೊದಲು ಪ್ರತಿಯೊಬ್ಬರೂ ತಮ್ಮ ಮನಸ್ಸಿನ ಸ್ಥಿತಿಯನ್ನು ಒಂದೇ ಪದದಲ್ಲಿ ಹೇಳಬೇಕು. ಪಾಠದ ನಡುವೆ ವಿದ್ಯಾರ್ಥಿಗಳು ಪರದೆಯ ಮೇಲಿನ ಹಾರ್ಟ್ ಚಿಹ್ನೆ ಒತ್ತುತ್ತಿರಬೇಕು, ಪ್ರತಿ ಹಾರ್ಟಿಗೂ ಟೀಚರಿಗೆ ಅಂಕ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಮನಸ್ಸಿಗೆ ಹಿತವಾಗದ ಮಾತು ಬರಕೂಡದು, ಬಂದರೆ ಹೇಳಿದವರನ್ನು ಕ್ಲಾಸಿನಿಂದಲೇ ತೆಗೆದುಹಾಕಬೇಕು, ಇಲ್ಲದಿದ್ದರೆ ಅಂಕ ಕಡಿತ.

ಕ್ಲಾಸು ನಡೆದದ್ದು ನಮ್ಮ ಮನೆಯ ಪಕ್ಕದ ಕೋಣೆಯಲ್ಲಿ. ಮುಂದೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಗೋಡೆ ಗಡಿಯಾರ. ಕಂಪ್ಯೂಟರಿನ ಉಸ್ತುವಾರಿ ನನ್ನದು. ಮೊದಲನೇ ದಿನವೇ ಚಿಕ್ಕಮ್ಮ, "ಇದರಲ್ಲಿ ನನ್ನ ಕೈ ನನಗೇ ಉಲ್ಟಾ ಕಾಣ್ತಿದೆ ಕಣೇ, ಕನ್ನಡಿ ಥರ ಮಾಡು" ಎಂದಳು. ನಾನು ಸೆಟ್ಟಿಂಗಿನಲ್ಲಿ ಎಲ್ಲೋ ಒಂದು ಕಡೆ ಟಿಕ್ ಗುರುತು ಹಾಕಿದೆ. ಅವಳಿಗೆ ಸರಿಹೋಯಿತು. ನೋಡುವವರೆಲ್ಲರಿಗೂ ಎಡ ಬಲವಾಗಿ, ಬಲ ಎಡವಾಗಿ ಕಾಣತೊಡಗಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಇಲ್ಲಿ ಹುಣ್ಣಾದದ್ದೇ ಕನ್ನಡಿಯಿಂದ, ಅದನ್ನು ತಂದಿಟ್ಟ ಮಹಾತಾಯಿ ನಾನೇ. ನನಗೆ ಅದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಮೂವತ್ತೊಂದು ಜನ ಹೆಂಗಸರು. "ಖುಷಿ", "ಖುಷಿ", "ತುಂಬಾ ಖುಷಿ" ಎಂದು ಹೇಳಿ ಮುಗಿಸುವಷ್ಟರಲ್ಲಿ ಕಾಲು ಗಂಟೆ. ಗ್ರೂಪಿನಲ್ಲಿ ಬೆಳಗಾದರೆ ಗುಲಾಬಿ ಹೂವಿನ ಚಿತ್ರಗಳ ರಾಶಿ. ಚಿಕ್ಕಮ್ಮ ಕಳಿಸಿದ ತೋಳಿನ ಅಳತೆ ಅದರಡಿ ಹೂತುಹೋಗುತ್ತಿತ್ತು. ಆದರೂ ಅವಳು ಹಲ್ಲು ಕಚ್ಚಿಕೊಂಡು ಎಲ್ಲರಿಗೂ "ಬಂಗಾರಿ", "ಚಿನ್ನ" ಎನ್ನುತ್ತಿದ್ದಳು. ಕೇಳಿ ನನಗೇ ನಾಚಿಕೆಯಾಗುತ್ತಿತ್ತು.

ಮೂವತ್ತೊಂದರಲ್ಲಿ ಒಬ್ಬಳು ಮಾತ್ರ ಮುಖ ತೋರಿಸುತ್ತಿರಲಿಲ್ಲ. ಬೇಕರಿಯಲ್ಲಿ ಕೆಲಸ, ಬಿಡುವಿನ ಹೊತ್ತಿನಲ್ಲಿ ಒಲೆಯ ಹಿಂದೆ ನಿಂತು ಪಾಠ ಕೇಳುತ್ತಿದ್ದಳು. ಪರದೆಯ ಮೇಲೆ ಬರೀ ಕಪ್ಪು ಚೌಕ. ಒಂದು ಹಾರ್ಟೂ ಒತ್ತಿದವಳಲ್ಲ. ಅಂಗಿಗೆ ಜೇಬು ಹಚ್ಚುವ ಪಾಠದ ದಿನ ಅವಳು ಗ್ರೂಪಿನಲ್ಲಿ ಬರೆದಳು: "ಟೀಚರ್, ನೀವು ಎಡ ಅಂತೀರಿ, ಕೈ ಬಲಗಡೆ ತೋರಿಸ್ತೀರಿ. ನಿಮ್ಮ ಹಿಂದಿರೋ ಗಡಿಯಾರನೂ ಮೊದಲನೇ ದಿನದಿಂದ ಹಿಂದಕ್ಕೇ ಓಡ್ತಿದೆ."

ನಗುಮುಖ ಅರೆಕ್ಷಣದಲ್ಲಿ ಫೋನ್ ಮಾಡಿದ. "ಅಮ್ಮಾ, ಇದು ಅಪಹಾಸ್ಯ. ಗುಂಪಿನ ವಾತಾವರಣ ಕೆಡುತ್ತೆ. ಅಂಕ ನಿಮ್ಮದೇ ಹೋಗೋದು, ನೋಡಿ."

ಚಿಕ್ಕಮ್ಮ ಒಮ್ಮೆ ತಿರುಗಿ ಗಡಿಯಾರ ನೋಡಿದಳು. ಅದು ಸರಿಯಾಗಿಯೇ ಓಡುತ್ತಿತ್ತು. "ತಮಾಷೆ ಮಾಡ್ತಾಳಾ ನನ್ನ ಹತ್ರ" ಎಂದು ತನ್ನ ಹೆಬ್ಬೆರಳಿನಿಂದಲೇ ಅವಳನ್ನು ತೆಗೆದುಹಾಕಿದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಾನೂ ಪಕ್ಕದಲ್ಲಿದ್ದೆ, ಬಾಯಿಗೆ ಬೀಗ ಹಾಕಿಕೊಂಡು. ಆ ದಿನ ಹಾರ್ಟುಗಳ ಸುರಿಮಳೆ.

ಮೂರು ತಿಂಗಳಾದ ಮೇಲೆ ಸಂಸ್ಥೆಯ ಹಾಲ್‌ನಲ್ಲಿ ಎಲ್ಲರೂ ಮೊದಲ ಸಲ ಮುಖಾಮುಖಿ ಸೇರಿದರು. ತಾವು ಹೊಲಿದ ಗಂಡಸರ ಅಂಗಿಗಳನ್ನು ಸಾಲಾಗಿ ಹ್ಯಾಂಗರಿಗೆ ತೂಗುಹಾಕಿದರು. ಹೊಲಿಗೆ ಅಚ್ಚುಕಟ್ಟು, ಕಾಲರ್ ಚೆನ್ನ. ಮೂವತ್ತು ಅಂಗಿಗೂ ಜೇಬು ಬಲಗಡೆ.

ನಗುಮುಖ ಚಪ್ಪಾಳೆ ತಟ್ಟಿದ. "ಎಂಥ ಒಗ್ಗಟ್ಟು ನೋಡಿ. ಒಂದಂಗಿ ಇನ್ನೊಂದರಂತೆಯೇ ಇದೆ."

ಚಿಕ್ಕಮ್ಮ ಮೊದಲನೇ ಅಂಗಿಯಿಂದ ಕೊನೆಯದರವರೆಗೆ ಜೇಬು ಮುಟ್ಟುತ್ತಾ ನಡೆದಳು. "ಜೇಬು ಎಡಗಡೆ ಅಂತ ಬಾಯಲ್ಲಿ ಹೇಳಿದ್ನಲ್ಲ" ಎಂದಳು.

"ಹೇಳಿದ್ರಿ. ಕೈ ಈ ಕಡೆ ತೋರಿಸಿದ್ರಿ" ಎಂದಳು ಮುಂದೆ ನಿಂತವಳು. "ಬಾಯಿ ತಪ್ಪಿರಬೇಕು ಅಂದ್ಕೊಂಡ್ವಿ."

"ನಿಮ್ಮ ಮನೆ ಗಂಡಸರ ಅಂಗಿ ನೋಡಿಲ್ವೇನ್ರೇ? ಒಬ್ಬರಾದ್ರೂ ಕೇಳಬಾರದಿತ್ತಾ?"

ಹಿಂದಿನ ಸಾಲಿನ ವಯಸ್ಸಾದ ಹೆಂಗಸು ಹೇಳಿದಳು, "ಕೇಳಿದೋಳು ಏನಾದ್ಲು ಅಂತ ನೋಡಿದ್ವಲ್ಲ ಟೀಚರ್."

ಅಷ್ಟರಲ್ಲಿ ನಗುಮುಖ ಮೈಕು ಹಿಡಿದು ಆತ್ಮೀಯತೆ ಅಂಕ ನೂರಕ್ಕೆ ನೂರು ಎಂದು ಸಾರಿ, ಖಾಯಂ ಆದೇಶದ ಕಾಗದವನ್ನು ಚಿಕ್ಕಮ್ಮನ ಕೈಗಿಟ್ಟ. ಮೂವತ್ತು ಜನವೂ ಚಪ್ಪಾಳೆ ತಟ್ಟಿದರು. ಅವಳು ಕಾಗದ ಬೇಡ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಅದನ್ನು ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡಳು. ನನಗೆ ಸಿಟ್ಟು ಬಂತು. ಆದರೆ ಆ ಕಾಗದಕ್ಕಾಗಿ ಮೂರು ತಿಂಗಳು ಅವಳು ಪಟ್ಟ ಪಾಡನ್ನೂ ನಾನು ಕಂಡಿದ್ದೆ.

ಹೊರಗೆ ಮೆಟ್ಟಿಲ ಮೇಲೆ ಕೂತು ಚಿಕ್ಕಮ್ಮ ಹಾಜರಿ ಪಟ್ಟಿಯಲ್ಲಿ ನಂಬರ್ ಹುಡುಕಿ ಬೇಕರಿಯವಳಿಗೆ ಫೋನ್ ಮಾಡಿದಳು. ಆ ಕಡೆ ಟ್ರೇಗಳ ಸದ್ದು.

"ನಾನಮ್ಮ, ಹೊಲಿಗೆ ಟೀಚರ್. ನೀನು ಹೇಳಿದ್ದು ಸರಿ ಇತ್ತು. ತಪ್ಪು ನಂದು. ವಾಪಸ್ ಬಾ, ನಾನೇ ಸೇರಿಸ್ಕೋತೀನಿ."

"ಇರಲಿ ಟೀಚರ್. ನಾನು ಆವತ್ತೇ ಇನ್ನೊಬ್ಬ ಟೀಚರ್ ಕ್ಲಾಸಿಗೆ ಸೇರ್ಕೊಂಡೆ. ಅವರು ಬಾಯಿಗೆ ಬಂದ ಹಾಗೆ ಬೈತಾರೆ, ಆದ್ರೆ ಎಷ್ಟು ಸಲ ಕೇಳಿದ್ರೂ ಹೇಳಿಕೊಡ್ತಾರೆ. ನಾಳೆಯಿಂದ ಆ ಕ್ಲಾಸ್ ಇಲ್ವಂತೆ. ಅವರಿಗೆ ಹಾರ್ಟ್ ಸಾಲದಾಯ್ತಂತೆ. ಖಾಯಂ ಆಗಿದ್ದು ನೀವಂತೆ, ಹೌದಾ ಟೀಚರ್?"

ಚಿಕ್ಕಮ್ಮ "ಹೂಂ" ಎಂದಳು.