ಬನ್ನಕ್ಕ ನಿಜ ಹೇಳಿದ ಭಾನುವಾರ

ಬೀದಿಯವರಿಗೆಲ್ಲ ಅವಳು ಬನ್ನಕ್ಕ. ಅಪ್ಪನ ಬೇಕರಿಯಲ್ಲಿ ಬೆಳಗಾಗುವ ಮುಂಚೆ ಹಿಟ್ಟು ನಾದಲು ನಿಂತರೆ ಮಧ್ಯಾಹ್ನದವರೆಗೆ ಕೂತವಳಲ್ಲ. "ಬನ್ನಕ್ಕ ಹೇಳಿದ್ಲು ಅಂದ್ರೆ ಮುಗೀತು" ಅನ್ನುತ್ತಿದ್ದರು ಜನ. ಆ ಮಾತು ಕೇಳಿದಾಗಲೆಲ್ಲ ಅವಳ ಎದೆ ಚುರುಕ್ ಅನ್ನುತ್ತಿತ್ತು.

ಹಿಂದೊಮ್ಮೆ ಬೇಕರಿಗೆ ಬೆಂಕಿ ಬಿದ್ದಿತ್ತು. ಒಲೆಯ ಬಾಯಿ ತೆರೆದಿಟ್ಟು, ಪಕ್ಕದಲ್ಲೇ ಖಾಲಿ ಗೋಣಿಚೀಲ ರಾಶಿ ಹಾಕಿ, ಹೊರಗೆ ಹರಟೆಗೆ ನಿಂತವಳು ಅವಳೇ. ಆದರೆ ತಮ್ಮನಿಗೆ ಕದ್ದು ಬೀಡಿ ಸೇದುವ ಚಟ. "ನಿನ್ನ ಬೀಡಿಯಿಂದ ನನ್ನ ಅನ್ನಕ್ಕೆ ಬೆಂಕಿ ಬಿತ್ತು" ಎಂದು ಅಪ್ಪ ಅವನನ್ನು ಮನೆಯಿಂದ ಹೊರಹಾಕಿದ. ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ತಮ್ಮ ಬಸ್ ಡ್ರೈವರ್ ಆದ, ಮದುವೆಯಾದ, ಮಗಳೂ ಹುಟ್ಟಿದಳು. ಮನೆ ಕಡೆ ತಲೆ ಹಾಕಲಿಲ್ಲ.

ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಹೇಳಿದರು: "ಕ್ಷಮಿಸೋಕೆ ದೇವರು ಸಿದ್ಧನಿದ್ದಾನೆ. ನಾವು ಬಚ್ಚಿಟ್ಟ ಗಾಯಕ್ಕೆ ಯಾರು ತಾನೇ ಮದ್ದು ಹಚ್ಚೋಕಾಗುತ್ತೆ?" ಬನ್ನಕ್ಕ ಶಿಲುಬೆಯ ಕಡೆ ನೋಡಿ, "ಯೇಸಪ್ಪಾ, ಧೈರ್ಯ ಕೊಡು" ಅಂದಳು. ಮನೆಗೆ ಬಂದವಳೇ ಅಪ್ಪನಿಗೆ ಎಲ್ಲ ಹೇಳಿಬಿಟ್ಟಳು.

ಅಪ್ಪನ ಮುಖ ಕೆಂಪೇರಿತು, ಆಮೇಲೆ ಬಾಡಿತು. "ನಾನಲ್ಲ ಅಂತ ಎಷ್ಟು ಬೇಡಿಕೊಂಡ ಅವನು. ನಾನು ಕಿವಿಗೊಡಲಿಲ್ಲ. ತಪ್ಪು ನಿನ್ನದೊಂದೇ ಅಲ್ಲ. ಚಪ್ಪಲಿ ಮೆಟ್ಟು, ನಡಿ."

ಡಿಪೋದಲ್ಲಿ ತಮ್ಮ ಬಸ್ಸಿನ ಗಾಜು ಒರೆಸುತ್ತಿದ್ದ. ಅಕ್ಕ ಹೇಳಿದ್ದೆಲ್ಲ ಕೇಳಿಸಿಕೊಂಡು, "ಅಮ್ಮನ ಮಣ್ಣಿಗೆ ಬಂದಾಗಲೂ ಕಳ್ಳನ ಹಾಗೆ ಹಿಂದೆ ನಿಂತಿದ್ದೆ. ಗೊತ್ತಾ ಅಕ್ಕ?" ಅಂದ.

"ಗೊತ್ತು ಕಣೋ. ನೆಪ ಹೇಳೋಕೆ ಬಂದಿಲ್ಲ. ನೀನು ಕ್ಷಮಿಸದಿದ್ರೂ, ನಾಳೆಯಿಂದ ಅಂಗಡಿಗೆ ಬಂದೋರಿಗೆಲ್ಲ ನಿಜ ಹೇಳ್ತೀನಿ."

ಅಪ್ಪ ಕೈ ಮುಗಿಯಲು ಹೋದ. ತಮ್ಮ ಆ ಕೈ ಹಿಡಿದು ಇಳಿಸಿ, ಬಸ್ ಹತ್ತಿದ.

ಬನ್ನಕ್ಕ ಕೊಟ್ಟ ಮಾತು ಉಳಿಸಿಕೊಂಡಳು. ಕೆಲವರು ಮೂಗು ಮುರಿದರು, ಕೆಲವರು ಬೇರೆ ಅಂಗಡಿ ಹಿಡಿದರು. ಅವಳಿಗೆ ಮಾತ್ರ ಬೆನ್ನ ಮೇಲಿನ ಮೂಟೆ ಇಳಿದಂತಿತ್ತು. ಸುದ್ದಿ ಪ್ರಯಾಣಿಕರ ಬಾಯಿಂದಲೇ ತಮ್ಮನಿಗೆ ತಲುಪಿತು.

ಮುಂದಿನ ಭಾನುವಾರ ಅವನು ಹೆಂಡತಿ, ಮಗಳ ಸಮೇತ ಚರ್ಚಿಗೆ ಬಂದು ಅಕ್ಕನ ಪಕ್ಕದಲ್ಲೇ ಕೂತ. "ಸಿಟ್ಟು ಪೂರ್ತಿ ಹೋಗಿಲ್ಲ. ಆದ್ರೆ ಯೇಸು ನನ್ನನ್ನ ಕ್ಷಮಿಸಿರುವಾಗ ನಿನ್ನ ಮೇಲೆ ಹಟ ಹಿಡಿಯೋಕೆ ನಾನ್ಯಾರು? ಕ್ಷಮಿಸಿದ್ದೀನಿ ಅಕ್ಕ." ಬನ್ನಕ್ಕ ಎಲ್ಲರ ಎದುರೇ ಗೊಳೋ ಅಂತ ಅತ್ತಳು, ನಕ್ಕಳು.

ಅಂದು ಮಧ್ಯಾಹ್ನ ಊಟಕ್ಕೆ ಮೇಜಿನ ಸುತ್ತ ಜಾಗ ಸಾಲಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಅಪ್ಪ ಪ್ರಾರ್ಥನೆಗೆ ನಿಂತವನು ದೇವರಿಗೆ ವಂದನೆ ಹೇಳುತ್ತಲೇ ಹೋದ, ಮುಗಿಸುವ ಲಕ್ಷಣವೇ ಇಲ್ಲ.

"ಅಪ್ಪಾ, ಆಮೆನ್ ಅನ್ನಿ, ಊಟ ಆರಿಹೋಗ್ತಿದೆ!" ಅಂದ ಮಗ. ಮನೆ ಹಾರಿಹೋಗುವಂತೆ ಎಲ್ಲರೂ ನಕ್ಕರು.