ಉಳ್ಳಾಗಡ್ಡಿ ವೈರಾಗ್ಯ

ಹೋದ ತಿಂಗಳು ನಾನು ಕೆಲವು ದಿನ ಅರ್ಧ ಜೈನನಾಗಿದ್ದೆ.

ಅರ್ಧ ಯಾಕೆಂದರೆ, ಉಳ್ಳಾಗಡ್ಡಿ ಮಾತ್ರ ಬಿಟ್ಟಿದ್ದೆ. ಬೆಳ್ಳುಳ್ಳಿ ಬಿಟ್ಟಿರಲಿಲ್ಲ. (ಬೆಳ್ಳುಳ್ಳಿಯ ರೇಟು ಏರಿರಲಿಲ್ಲ.)

ಕತೆ ಶುರುವಾದದ್ದು ನಾವಿರುವ ತೇರದಾಳದ ಸಂತೆಯಲ್ಲಿ. ಉಳ್ಳಾಗಡ್ಡಿಯ ರೇಟನ್ನು ನಾನು ಎರಡು ಸಲ ಕೇಳಿದೆ. (ಮೈಸೂರು ಕಡೆಯ ಓದುಗರು ಈರುಳ್ಳಿ ಎಂದು ಓದಿಕೊಳ್ಳಬೇಕು.) ಎರಡನೇ ಸಲಕ್ಕಾದರೂ ಇಳಿದೀತೆಂಬ ಆಸೆ. ಮಾರುವ ಹೆಣ್ಣುಮಗಳು ತಲೆ ಎತ್ತಲಿಲ್ಲ. "ಕೇಳಾಕ ರೊಕ್ಕ ಹತ್ತೂದಿಲ್ರಿ. ಎಷ್ಟ ಸಲ ಬೇಕಾದ್ರೂ ಕೇಳ್ರಿ," ಎಂದಳು.

ಬರಿಗೈಲಿ ಮನೆಗೆ ಬಂದು ಘೋಷಣೆ ಮಾಡಿದೆ: ಇನ್ನು ಮುಂದೆ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಬಂದ್!

ನನ್ನ ಹೆಂಡತಿ ಶೈಲಾ ರೊಟ್ಟಿ ಬಡಿಯುತ್ತಿದ್ದಳು. "ಉಳ್ಳಾಗಡ್ಡಿ ಇಲ್ದ ಪಲ್ಯಾ ಹೆಂಗ ಮಾಡ್ಲಿ?"

"ಬಾಜೂ ಮನಿ ಪದ್ಮಕ್ಕ ಹೆಂಗ ಮಾಡ್ತಾರ? ಹುಟ್ಟಿದಾಗಿಂದ ಅವರು ಮುಟ್ಟಿಲ್ಲ. ಏನ್ ಕಮ್ಮಿ ಆಗೇತಿ ಅವರಿಗೆ?"

ಪಿಯುಸಿಯಲ್ಲಿ ಓದಿದ ಅರ್ಥಶಾಸ್ತ್ರ ನೆನಪಿಗೆ ಬಂತು. ಅವಶ್ಯಕತೆ, ಸೌಕರ್ಯ, ವಿಲಾಸ ಎಂದು ಅಲ್ಲಿ ಮೂರು ಗುಂಪು. ಅನ್ನ, ಬಟ್ಟೆ ಅವಶ್ಯಕತೆ. ಮೋಟಾರು ಕಾರು ವಿಲಾಸ. ಉಳ್ಳಾಗಡ್ಡಿ? ಪುಸ್ತಕ ಬರೆದವರು ನಮ್ಮ ಕಡೆ ಊಟ ಮಾಡಿದಂತಿಲ್ಲ. ನಾನೇ ಅದನ್ನು ವಿಲಾಸಕ್ಕೆ ತಳ್ಳಿದೆ. ನನ್ನ ಹೋಟೆಲ್ ಚಹಾ, ಎಲೆ ಅಡಿಕೆ, ಕಂತಿನ ಮೇಲೆ ತಂದ ಕಲರ್ ಟೀವಿ ಇವೆಲ್ಲ ಅವಶ್ಯಕತೆಯಲ್ಲೇ ಉಳಿದವು. (ಹಂಚುವವನು ನಾನಲ್ಲವೇ?)

ಶೈಲಾ ಪದ್ಮಕ್ಕನವರಲ್ಲಿ ಅಡುಗೆ ಕಲಿಯಲು ಹೋದಳು. ಅವರದು ಈ ಊರಿನ ಹಳೆಯ ಜೈನ ಮನೆತನ. ಉಳ್ಳಾಗಡ್ಡಿ ಯಾಕೆ ಬಿಟ್ಟೆವೆಂದು ಶೈಲಾ ಬಾಯಿ ಬಿಡಲಿಲ್ಲ, ಗಂಡನ ಮಾನ ಕಾಯುವವಳು. ಪದ್ಮಕ್ಕ ಕಾರಣವನ್ನು ತಾವೇ ಊಹಿಸಿಕೊಂಡುಬಿಟ್ಟರು.

"ಬಾಳ ಛಲೋ ಮಾಡಿದ್ರಿ ಮಾಸ್ತರ್ರ," ಎಂದು ನಳದ ಹತ್ತಿರ ನಿಲ್ಲಿಸಿ ಹೇಳಿದರು. "ಬಾಯಿ ಚಪಲಾ ಬಿಡೂದಂದ್ರ ಸಣ್ಣ ಮಾತಲ್ರಿ. ಮನಸ್ಸ ಗಟ್ಟಿ ಬೇಕು."

ನಾನು ಮನಸ್ಸು ಗಟ್ಟಿ ಇರುವವನ ಹಾಗೆ ನಕ್ಕೆ. ಅವರು ಬಸದಿಯಲ್ಲಿ ನಾಲ್ಕು ಮಂದಿಗೆ ಹೇಳಿದರು. ಎಂದೂ ನನ್ನ ಕಡೆ ತಿರುಗಿ ನೋಡದ ಬಟ್ಟೆ ಅಂಗಡಿ ಸಾಹುಕಾರರು ಕೈ ಮುಗಿದು "ಜೈ ಜಿನೇಂದ್ರ" ಎನ್ನತೊಡಗಿದರು. ರೊಕ್ಕ ಉಳಿಸಲು ಹೋದವನಿಗೆ ಪುಣ್ಯ ಬೋನಸ್! ಯಾರು ಬೇಡ ಅಂತಾರೆ?

ರೊಕ್ಕ ಉಳಿಯಿತೇ? ಅದೊಂದು ಕೇಳಬೇಡಿ. ಉಳ್ಳಾಗಡ್ಡಿ ಹೋದ ಜಾಗಕ್ಕೆ ಕೊಬ್ಬರಿ ಬಂತು, ಎಳ್ಳು ಬಂತು, ಗಸಗಸೆ ಬಂತು. ಪದ್ಮಕ್ಕನವರ ಕೈರುಚಿಯ ಗುಟ್ಟು ಅವರ ತುಪ್ಪದ ಡಬ್ಬಿಯಲ್ಲಿತ್ತು. ಆದರೆ ವೈರಾಗ್ಯ ಒಮ್ಮೆ ಊರಿಗೆಲ್ಲ ಗೊತ್ತಾದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ನಾನಂತೂ ಬನಹಟ್ಟಿಯಲ್ಲಿ ಶಾಲೆ ಬಿಟ್ಟ ಕೂಡಲೇ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಉಳ್ಳಾಗಡ್ಡಿ ಭಜಿ ತಿಂದೇ ಬಸ್ಸು ಹತ್ತುತ್ತಿದ್ದೆ. (ಅದು ಹೋಟೆಲಿನವನ ಉಳ್ಳಾಗಡ್ಡಿ. ಲೆಕ್ಕಕ್ಕೆ ಬರುವುದಿಲ್ಲ.)

ಇಷ್ಟರಲ್ಲಿ ಹಿಪ್ಪರಗಿಯ ನಮ್ಮ ಮಾವನವರು ಬಂದರು.

ಜಮಖಂಡಿಯಲ್ಲಿ ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು, ಆಸ್ಪತ್ರೆಯಿಂದ ನಾನೇ ನೇರವಾಗಿ ಕರೆತಂದಿದ್ದೆ. ಇನ್ನೊಂದು ಕಣ್ಣು ಎಂದೋ ಹೋಗಿದೆ, ಇದೊಂದೇ ಆಸರೆ. ಒಂದು ತಿಂಗಳು ಧೂಳು ಕೂಡದು, ಬಗ್ಗಕೂಡದು, ಭಾರ ಎತ್ತಕೂಡದು ಎಂದು ಡಾಕ್ಟರ ಅಪ್ಪಣೆ. ಊರಿಗೆ ಹೋದರೆ ಮೂರನ್ನೂ ಮೊದಲ ದಿನವೇ ಮಾಡುವ ಆಸಾಮಿ ಇವರು. ಕಬ್ಬಿಗೆ ನೀರು ಬಿಡಬೇಕೆಂದು ಹೊಲಕ್ಕೆ ಓಡುತ್ತಾರೆ. ಹೇಗಾದರೂ ಮಾಡಿ ತಿಂಗಳ ಮಟ್ಟಿಗೆ ಅಪ್ಪನನ್ನು ನಮ್ಮಲ್ಲಿ ಹಿಡಿದಿಡಬೇಕು ಎಂಬುದು ಶೈಲಾಳ ಹಟ. ಮಗಳ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಂತವರೇ ಅಲ್ಲ ಅವರು.

ಬಂದ ದಿನ ಊಟಕ್ಕೆ ಕುಳಿತರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಕಪ್ಪು ಕನ್ನಡಕದ ಮಾವನವರ ಕೈ ತಟ್ಟೆಯ ಪಕ್ಕದಲ್ಲಿ ಏನನ್ನೋ ತಡವಿತು.

"ಉಳ್ಳಾಗಡ್ಡಿ ಇಡೂದು ಮರತಿ ನೋಡವಾ ಶೈಲಾ."

ಶೈಲಾ ನನ್ನ ಮುಖ ನೋಡಿದಳು. ತುಟ್ಟಿಯಾಗಿದೆ, ತಂದಿಲ್ಲ ಎಂದು ಮಾವನ ಮುಂದೆ ಅಳಿಯನಾದವನು ಹೇಗೆ ಹೇಳುವುದು? ಬಾಯಿ ತಾನಾಗಿಯೇ ತೆರೆಯಿತು.

"ಕಣ್ಣಿಗೆ ಉಳ್ಳಾಗಡ್ಡಿ ಆಗೂದಿಲ್ರಿ ಮಾವಾರ. ಡಾಕ್ಟರು ಹೇಳ್ಯಾರ."

"ನನ್ನ ಮುಂದ ಹೇಳ್ಲಿಲ್ಲಲ್ಲ?"

"ಹೊರಗ ಹೇಳಿದ್ರಿ. ನನಗ."

ಮೂರು ರೊಟ್ಟಿಯ ಮನುಷ್ಯ ಒಂದೂವರೆಗೆ ಎದ್ದರು. ಮರುದಿನವೂ ಅಷ್ಟೇ. ಉಣ್ಣುವಾಗ ಒಮ್ಮೆ ತಮ್ಮಷ್ಟಕ್ಕೆ ಅಂದರು: "ಮೊದಲ ನಮ್ಮ ಹೊಲದಾಗ ಬೆಳೀತಿದ್ವಿ. ನೀರ ಬಂತು, ಎಲ್ಲಾ ಕಬ್ಬ ಆತು. ಈಗ ಕಬ್ಬ ಮಾರಿ ಉಳ್ಳಾಗಡ್ಡಿ ತರ್ತೇವಿ."

ವಾರದ ಮೇಲೆ ತೋರಿಸಲು ಜಮಖಂಡಿಗೆ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣಿಗೆ ಟಾರ್ಚು ಹಿಡಿದು ನೋಡಿ, "ಛಲೋ ಐತ್ರಿ ಅಜ್ಜಾರ. ಆದ್ರ ಜ್ವಾಕಿ ಬಿಡಬ್ಯಾಡ್ರಿ," ಎಂದರು. ನಾನು ಎದ್ದೆ. ಮಾವನವರು ಏಳಲಿಲ್ಲ.

"ಸಾಹೇಬ್ರ, ಉಳ್ಳಾಗಡ್ಡಿ ಯಾವಾಗಿಂದ ತಿನ್ಲಿ?"

"ಇವತ್ತ ತಿನ್ರಿ! ಬ್ಯಾಡ ಅಂದವ್ರ ಯಾರು?"

ನಾನು ಗೋಡೆಗೆ ತೂಗುಹಾಕಿದ್ದ ಅಕ್ಷರಗಳ ಬೋರ್ಡು ಓದುತ್ತ ನಿಂತೆ. ತಳದ ಸಾಲಿನ ಸಣ್ಣ ಅಕ್ಷರಗಳೂ ಅಂದು ನಿಚ್ಚಳವಾಗಿ ಕಂಡವು.

ಮನೆಗೆ ಬಂದವರೇ ಮಾವನವರು ಕೈಚೀಲ ಹುಡುಕಿದರು. "ಶೈಲಾ, ನನ್ನ ಧೋತರ ಎಲ್ಲಿಟ್ಟಿ? ಸಂಜಿ ಬಸ್ಸಿಗೆ ಊರಿಗೆ ಹೋಗ್ತೇನಿ."

ಸಂಗತಿ ತಿಳಿದ ಶೈಲಾ ನನ್ನನ್ನು ಅಡುಗೆಮನೆಗೆ ಕರೆದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಮ್ಮಪ್ಪ ಹೊಲದ ಧೂಳಾಗ ನಿಂತು ಇದ್ದದ್ದೊಂದ ಕಣ್ಣೂ ಕಳಕೊಂಡ್ರ, ನೀವು ಉಳಿಸಿದ ರೊಕ್ಕದಾಗ ಹೊಸಾದು ಕೊಡಸ್ತೀರೇನು?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಉಳ್ಳಾಗಡ್ಡಿಗೆ ಹೋದದ್ದು? ಮನೆಯಲ್ಲಿ ಉಳಿತಾಯ ಎನ್ನುವುದು ಯಾಕೆ ಯಾವಾಗಲೂ ಇನ್ನೊಬ್ಬರ ತಟ್ಟೆಯಿಂದಲೇ ಶುರುವಾಗುತ್ತದೆ? ನನ್ನ ಎಲೆ ಅಡಿಕೆಯ ಚಂಚಿ ಜೇಬಿನಲ್ಲಿ ತುಂಬಿಕೊಂಡೇ ಇತ್ತು.

ಪೇಟೆಗೆ ಓಡಿದೆ. ಚೌಕಾಸಿ ಮಾಡದೆ ಎರಡು ಕಿಲೋ ಹಾಕಿಸಿಕೊಂಡೆ. ಮೇಲೆ ಮೆಂತ್ಯಸೊಪ್ಪು ಹರಡಿ ಮುಚ್ಚಿದೆ. (ಜೈ ಜಿನೇಂದ್ರ ಎನ್ನುವವರು ದಾರಿಯುದ್ದಕ್ಕೂ ಇದ್ದಾರಲ್ಲ!) ನಮ್ಮ ಓಣಿಗೆ ತಿರುಗಿದರೆ ಎದುರಿಗೇ ಮನೆಯಿಂದ ಬಸದಿಗೆ ಹೊರಟಿರುವ ಪದ್ಮಕ್ಕ. ಗಡಿಬಿಡಿಯಲ್ಲಿ ಚೀಲ ವಾಲಿತು. ಒಂದು ದಪ್ಪ ಗಡ್ಡೆ ಪುಟಿದು, ಉರುಳುರುಳಿ ಅವರ ಪಾದದ ಹತ್ತಿರ ಹೋಗಿ ನಿಂತಿತು.

ಅವರು ಒಂದು ಹೆಜ್ಜೆ ಸರಿದು ನಿಂತರು. "ಮಾವಾರಿಗೇನ್ರಿ?"

ಹೌದು ಎಂದಿದ್ದರೆ ಪಾರಾಗುತ್ತಿದ್ದೆ. ಆದರೆ ಆ ದಿನಕ್ಕೆ ಸುಳ್ಳು ಸಾಕಾಗಿತ್ತು.

"ಮನಿಗೇ ರೀ. ನಾ ವ್ರತಾ ಗಿತಾ ಏನೂ ಹಿಡದಿಲ್ಲ ಪದ್ಮಕ್ಕಾ. ತುಟ್ಟಿ ಆತು ಅಂತ ಬಿಟ್ಟಿದ್ದೆ."

ಪದ್ಮಕ್ಕ ನನ್ನನ್ನು ನೋಡಿದರು, ಉಳ್ಳಾಗಡ್ಡಿಯನ್ನು ನೋಡಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. "ಜಲ್ದಿ ಹೋಗ್ರಿ. ಹಿರ್ಯಾರು ಚೀಲಾ ಹಿಡಕೊಂಡು ಕಟ್ಟಿ ಮ್ಯಾಲ ಕುಂತಾರ."

ಕುಳಿತಿದ್ದರು. ಅವರ ಮುಂದೆ ಚೀಲ ಸುರಿದು ಅದನ್ನೇ ಹೇಳಿದೆ: "ತುಟ್ಟಿ ಆಗಿತ್ರಿ ಮಾವಾರ. ಅದಕ್ಕ ತಂದಿರಲಿಲ್ಲ."

ಮಾವನವರು ಕನ್ನಡಕ ಸರಿ ಮಾಡಿಕೊಂಡರು. "ಹಂಗಂದಿದ್ರ ಸುಮ್ಮನ ಉಣ್ತಿದ್ನಲ್ಲೋ ಅಳಿಯಾ! ಬರೇ ಉಪ್ಪ ಹಚ್ಚಿ ರೊಟ್ಟಿ ತಿಂದ ದಿವಸ ನಾ ಕಂಡಿಲ್ಲೇನು? ಮನ್ಯಾಗ ಏನೈತಿ ಏನಿಲ್ಲ ಅನ್ನೂದು ಮುಚ್ಚೂದು ಹೊರಗಿನವರಿಗೆ. ನಾ ಹೊರಗಿನಾಂವ ಏನು?"

ಅಳಿಯಂದಿರೇ ಎಂದು ಬಹುವಚನದಲ್ಲಿ ಕರೆಯುತ್ತಿದ್ದವರು ಮೊದಲ ಸಲ ಏಕವಚನಕ್ಕೆ ಇಳಿದಿದ್ದರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಊಟಕ್ಕೆ ಕುಳಿತಾಗ ಒಂದು ಗಡ್ಡೆ ಆರಿಸಿ ನೆಲದ ಮೇಲಿಟ್ಟು ಮುಷ್ಟಿ ಎತ್ತಿದರು. ಎತ್ತಿದವರು ನನ್ನ ಕಡೆ ತಿರುಗಿದರು. "ಗುದ್ದಬ್ಯಾಡ ಅಂತ ಡಾಕ್ಟರು ಹೊರಗೇನರ ಹೇಳ್ಯಾರೇನೋ?"

ಗುದ್ದಿದರು. ಮೂರು ರೊಟ್ಟಿ ಉಂಡರು. ಕೈಚೀಲ ಗೂಟಕ್ಕೆ ಹೋಯಿತು. ತಿಂಗಳು ಪೂರ್ತಿ ಇದ್ದು, ಕಣ್ಣು ಗಟ್ಟಿ ಮಾಡಿಕೊಂಡು ಊರಿಗೆ ಹೋದರು.

ಪುರಾಣ ವೈರಾಗ್ಯ, ಪ್ರಸೂತಿ ವೈರಾಗ್ಯ, ಸ್ಮಶಾನ ವೈರಾಗ್ಯ ಎಂದು ಹಿರಿಯರು ಮೂರು ಹೇಳಿದ್ದಾರೆ. ಪುರಾಣ ಮುಗಿದು ಚಪ್ಪಲಿ ಹುಡುಕುವಷ್ಟರಲ್ಲಿ ಮೊದಲನೆಯದು ಕರಗಿರುತ್ತದೆ. ನಾಲ್ಕನೆಯದನ್ನು ಸೇರಿಸಿದ ಕೀರ್ತಿ ನನ್ನದು.

ಈಗ ಹೊಸ ಮಾಲು ಬಂದು ಉಳ್ಳಾಗಡ್ಡಿ ಅಗ್ಗವಾಗಿದೆ. ಮೊನ್ನೆ ಸಂತೆಯಿಂದ ಚೀಲ ತುಂಬಿಸಿಕೊಂಡು ಬರುತ್ತಿದ್ದೆ. ಪದ್ಮಕ್ಕ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದರು.

"ಸೋವಿ ಆತೇನ್ರಿ ಮಾಸ್ತರ್ರ?"

"ಬಾಳ ಸೋವಿ ಆಗೇತ್ರಿ ಪದ್ಮಕ್ಕಾ!"

"ಹಂಗಾರ ಈಗ ಬಿಡ್ರಿ ನೋಡೋಣು."