ಕಟ್ಟಕಡೆಯ ಹೊಲಕ್ಕೆ ಮೊದಲ ನೀರು

ರಾಣೆಬೆನ್ನೂರಿನಲ್ಲಿ ಬೆಳಗಿನ ಬ್ಯಾಡಗಿ ಬಸ್ಸು ಹತ್ತಿದೆ. ಹೆಂಗಸರಿಗೆ ಪುಕ್ಕಟೆ ಪ್ರಯಾಣವಾದ್ದರಿಂದ ಸೀಟೆಲ್ಲ ನಮ್ಮವೇ. ಗಂಡಸರು ಬಾಗಿಲಲ್ಲಿ ಜೋತುಬಿದ್ದಿದ್ದರು. ಹೊಲಿಗೆ ಅಂಗಡಿಗೆ ಬೀಗ ಹಾಕಿ ನಾನು ಹೊರಟಿದ್ದು ಅಕ್ಕನ ಊರಿಗೆ. ಮಳೆ ಕೈಕೊಟ್ಟು ಅವಳ ಮೆಣಸಿನ ಗಿಡಗಳ ಹೂವು ಉದುರತೊಡಗಿತ್ತು. ಅಂದು ಊರವರು ಕೆರೆಯ ತೂಬು ಎತ್ತುವವರಿದ್ದರು. ಒಂದು ನೀರು ಸಿಕ್ಕರೆ ಬೆಳೆ ಉಳಿಯುತ್ತದೆ, ಸಿಗದಿದ್ದರೆ ಇಲ್ಲ.

"ಬರೂವಾಗ ಬ್ಯಾಡಗ್ಯಾಗ ಖಾಲಿ ಚೀಲ ತಗೊಂಡ ಬಾ, ಕಾಲುವಿ ಒಡ್ಡು ಕುಸದೈತಿ" ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಮಾರುಕಟ್ಟೆಯಲ್ಲಿ ಹಳೆಯ ಚೀಲಗಳ ಕಟ್ಟು ಕೊಂಡು ಟೆಂಪೊ ಏರಿದೆ. ಟೆಂಪೊಗೆ ಇಪ್ಪತ್ತು ರೂಪಾಯಿ. ಚೀಲಗಳಲ್ಲಿ ಮೆಣಸಿನಕಾಯಿಯ ಘಾಟು ಇನ್ನೂ ಇತ್ತು. ಊರು ಬರುವಷ್ಟರಲ್ಲಿ ಜೊತೆಯವರೆಲ್ಲ ಸೀನಿ ಸೀನಿ ನನಗೆ ಶಾಪ ಹಾಕಿದರು.

ಹೋದ ವರ್ಷ ಕೆರೆಯ ಹತ್ತಿರದ ಹೊಲದವರೇ ನೀರೆಲ್ಲ ಹಾಯಿಸಿಕೊಂಡು, ಕಾಲುವೆಯ ತುದಿಯಲ್ಲಿರುವ ಅಕ್ಕನ ಹೊಲಕ್ಕೆ ಹನಿಯೂ ಮುಟ್ಟಿರಲಿಲ್ಲ. ಜಗಳ ಕೈ ಕೈ ಮಿಲಾಯಿಸುವ ತನಕ ಹೋಗಿತ್ತು. ಈ ಸಲ ಎಲ್ಲರೂ ಕೂತು ಹೊಸ ಪದ್ಧತಿ ಮಾಡಿಕೊಂಡಿದ್ದರು: ನೀರು ಮೊದಲು ಕಟ್ಟಕಡೆಯ ಹೊಲಕ್ಕೆ, ಆಮೇಲೆ ಒಂದೊಂದಾಗಿ ಮೇಲಿನವಕ್ಕೆ. ಅಲ್ಲಿಯ ತನಕ ಪ್ರತಿಯೊಬ್ಬರೂ ತಮ್ಮ ಹೊಲಕ್ಕೆ ನೀರು ತಿರುಗುವ ಬಾಯಿಯನ್ನು ಮಣ್ಣಿನ ಚೀಲದಿಂದ ತಾವೇ ಮುಚ್ಚಿ ಕಾಯಬೇಕು. ಕೇಳಲು ಚೆಂದವೇ. ನನಗೆ ಮಾತ್ರ ನಂಬಿಕೆ ಇರಲಿಲ್ಲ.

ಟೆಂಪೊ ಕೆರೆಯ ಏರಿಯ ಮೇಲೆ ಇಳಿಸಿತು. ತೂಬಿನ ಪಕ್ಕದ ಮೊದಲ ಹೊಲ ರಾಜೇಸಾಬರದು. ಹೋದ ವರ್ಷ ಅಕ್ಕನೊಂದಿಗೆ ಜಗಳಕ್ಕೆ ನಿಂತವರು ಇವರೇ. ಈಗ ತಮ್ಮ ಹೊಲದ ಬಾಯಿ ಮುಚ್ಚಿ ಚೀಲದ ಮೇಲೆ ಕೂತಿದ್ದರು.

"ಬಾ ತಂಗೆವ್ವ, ತೂಬು ಎತ್ಯಾರ. ನೀರಿನ ಸಂಗಾಟ ನಡಕೋತ ಹೋಗು" ಎಂದರು.

ನೀರು ನೊರೆ, ಒಣ ಎಲೆಗಳನ್ನು ತಳ್ಳಿಕೊಂಡು ನನಗಿಂತ ನಿಧಾನವಾಗಿ ಸಾಗಿತು. ಒಡ್ಡು ಕುಸಿದಲ್ಲಿ ಪಕ್ಕದ ಹೊಲದವರು ನನ್ನ ಚೀಲಗಳಿಗೆ ಮಣ್ಣು ತುಂಬಿ ಒಟ್ಟಿದರು. ಪ್ರತಿ ಹೊಲದ ಬಾಯಿಯಲ್ಲೂ ಒಬ್ಬರು ಕಾಯುತ್ತಿದ್ದರು; ಒಬ್ಬಾಕೆ ಕರೆದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅರ್ಧ ದಾರಿಯಲ್ಲಿ ನೀರು ನಿಂತಿತು.

ರಾಜೇಸಾಬರದೇ ಕೆಲಸ ಎಂದುಕೊಂಡು ಸಿಟ್ಟಿನಿಂದ ಹಿಂದಕ್ಕೆ ನಡೆದೆ. ಅವರು ತಮ್ಮ ಹೊಲದ ಪಕ್ಕದ ರಸ್ತೆಯ ಮೋರಿಯ ಬಳಿ, ಕಟ್ಟಿಕೊಂಡಿದ್ದ ಎದೆಮಟ್ಟದ ನೀರಿನಲ್ಲಿ ನಿಂತು, ಸಿಕ್ಕಿಬಿದ್ದ ಜಾಲಿಮುಳ್ಳಿನ ಪೊದೆಯನ್ನು ಎಳೆಯುತ್ತಿದ್ದರು. ಕೈಯೆಲ್ಲ ತರಚಿತ್ತು. ಅವರ ಹೊಲದ ಬಾಯಿ ಮುಚ್ಚಿದಂತೆಯೇ ಇತ್ತು. ಬೈಯಲು ಕೂಡಿಸಿಟ್ಟುಕೊಂಡಿದ್ದ ಮಾತನ್ನೆಲ್ಲ ನುಂಗಿಕೊಂಡು ನಾನೂ ಮುಳ್ಳು ಎಳೆಯತೊಡಗಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೀರು ಅಕ್ಕನ ಬದು ಮುಟ್ಟಿತು. "ಇಷ್ಟ ತಡಾ ಯಾಕ ಮಾಡೀದಿ?" ಎಂದು ಅಕ್ಕ ನನಗೇ ಗದರಿದಳು, ನೀರನ್ನು ನಾನೇ ಹೊತ್ತು ತಂದಿದ್ದೆ ಎಂಬಂತೆ. ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಎದೆಯೂ ಹಗುರಾಯಿತು. ಕೊನೆಯ ಸಾಲು ತೊಯ್ದ ಮೇಲೆ ಅಕ್ಕ ತನ್ನ ಹೊಲದ ಬಾಯಿ ಮುಚ್ಚಿ, ಮೇಲಿನ ಹೊಲಕ್ಕೆ ಹೋಗಿ ತಾನೇ ಅಲ್ಲಿಯ ಚೀಲ ಎಳೆದು ತೆಗೆದಳು.

ಸಂಜೆ ಮರಳುವಾಗ ರಾಜೇಸಾಬರು ತಮ್ಮ ಹೊಲದ ಬಾಯಿಯಲ್ಲೇ ಕಾಯುತ್ತಿದ್ದರು. ಅವರ ಪಾಳಿಗೆ ಇನ್ನೂ ಎರಡು ದಿನವಿತ್ತು.

"ಮುಟ್ಟಿತೇನ ತಂಗೆವ್ವ, ನಿಮ್ಮ ಅಕ್ಕನ ಹೊಲಕ್ಕ?"

"ಮುಟ್ಟೈತ್ರಿ ಕಾಕಾ, ಕಡೀ ಸಾಲಿನ ತನಕ."

"ಹಂಗಾರ ನನಗೂ ಬರತೈತಿ ಬಿಡು" ಎಂದು ಅವರು ಕಾಲು ಚಾಚಿ ಕೂತರು.